ಗುರುಸಿದ್ದಪ್ಪನವರ ಪಿಕಪ್ಪಿನ ಎಡಬದಿ ಸೀಟು

"ಗುರುಸಿದ್ದಪ್ಪನವರ ಪಿಕಪ್ ಹೊರಡುವ ತನಕ ನಾವ್ಯಾರೂ ಸ್ನಾನ ಮಾಡೋದಿಲ್ಲ, ಹೇಗೂ ತಳ್ಳಿ ಬೆವರಬೇಕಲ್ಲ" ಎಂದು ಬಂಗಾಳದ ಲೇಕ್ ಗಾರ್ಡನ್ಸ್ ಬಡಾವಣೆಯ ನೆರೆಯವರು ನಗುತ್ತಿದ್ದರು. ರೈಲ್ವೆಯಿಂದ ನಿವೃತ್ತರಾದ ಈ ಧಾರವಾಡದ ಮಹಾಶಯರು ಯಾವ ಮೆಕ್ಯಾನಿಕ್ಕನಿಗೂ ಬಾನೆಟ್ ಮುಟ್ಟಗೊಡರು. ರೇಡಿಯೇಟರ್ ಕುದಿಯಲಿ, ಕ್ಲಚ್ ಸುಟ್ಟು ನಾರಲಿ, ಅವರು ಹೇಳುವ ರೋಗ ಒಂದೇ: "ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕೈತ್ರೀ!" ಬಂಗಾಳಿಗಳ ವಿಶ್ವಕರ್ಮ ಪೂಜೆಗೊಮ್ಮೆ, ನಮ್ಮ ಆಯುಧಪೂಜೆಗೊಮ್ಮೆ ಗಾಡಿಯ ಹಾರ ಬದಲಾಗುತ್ತಿತ್ತು, ಇಂಜಿನ್ ಆಯಿಲ್ ಮಾತ್ರ ಬದಲಾಗುತ್ತಿರಲಿಲ್ಲ. "ಆಯಿಲ್ ಹಾಕಿಸಿ ದಾದಾ" ಎಂದರೆ, "ಇಬ್ಬರು ದೇವರು ಕಾಯಾಕತ್ತಾರ, ಮತ್ತ ಆಯಿಲ್ ಯಾಕ್ರಿ?" ಎನ್ನುವರು. ಇಂಥವರು ಎಡಬದಿಯ ಡ್ಯಾಶ್‌ಬೋರ್ಡನ್ನು ಮಾತ್ರ ತಾವೇ ಗರಗಸ ಹಿಡಿದು ಕೊಯ್ದು ಜಾಗ ಮಾಡಿದ್ದರು. ಹೆಂಡತಿ ನೀಲವ್ವನ ಮೊಣಕಾಲು ಮಡಚುತ್ತಿರಲಿಲ್ಲ. ಕಾಲು ನೀಡಿ ಕೂರಲು ಊರಿನ ಬೇರಾವ ಗಾಡಿಯಲ್ಲೂ ಆಗುತ್ತಿರಲಿಲ್ಲ. ಹದಿನೈದು ವರ್ಷ ತುಂಬಿದ ಗಾಡಿ ಇನ್ನು ನಗರದಲ್ಲಿ ಓಡುವಂತಿಲ್ಲ ಎಂದು ಸರಕಾರದ ನೋಟೀಸು ಬಂತು. ಗುಜರಿಗೆ ಒಯ್ಯುವ ಬೆಳಿಗ್ಗೆ ಹೆಂಡತಿಯನ್ನು ಎತ್ತಿ ಕೂರಿಸಿ, "ಎಲ್ಲಿಗೆ ಹೋಗೂಣು, ಹೇಳು" ಎಂದರು. "ದಕ್ಷಿಣೇಶ್ವರದ ಗುಡಿಗೆ. ನೆಟ್ಟಗಿನ ದಾರಿ ಬ್ಯಾಡ, ಸುತ್ತು ಹಾಕಿ ನಡೀರಿ" ಎಂದು ನೀಲವ್ವ ಕಾಲು ನೀಡಿಕೊಂಡು, ಮನೆಯಿಂದಾಚೆಗಿನ ತನ್ನ ಕೊನೆಯ ಸವಾರಿಗೆ ಹೊರಟಳು.