ದೇವರು ಬಲಗಡೆ ಹೂ ಕೊಟ್ಟ ವರ್ಷ

ನೀರು ಚಿಮುಕಿಸಿದ ಸೇವಂತಿಗೆಗೆ ಒಂದು ವಾಸನೆ ಇದೆ, ಸ್ವಲ್ಪ ಕಹಿ, ಸ್ವಲ್ಪ ತಂಪು. ಕಡೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಪೂಜೆಗೆ ಹೂ ಬಿಡಿಸುವಾಗ ಆ ವಾಸನೆ ಬಂದರೆ ಸಾಕು, ಅಜ್ಜಂಪುರದ ನನ್ನ ತವರುಮನೆ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಈಗ ಆ ಮನೆ ಇಲ್ಲ, ಅಲ್ಲಿ ಗೊಬ್ಬರದ ಗೋದಾಮು ಇದೆ. ಹೊಗೆ ಹಿಡಿದು ಕಪ್ಪಾದ ತೊಲೆಗಳು, ನಡುಮನೆಯಲ್ಲಿ ಹರಡಿದ ಈರುಳ್ಳಿಯ ಘಾಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ದೇವರ ಗೂಡಿನ ಮುಂದೆ ಕೂತ ಅಜ್ಜಿ, ಅವಳ ಪಕ್ಕದಲ್ಲೇ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದ ಗಿರಿಜತ್ತೆ. ಇಂಥದೊಂದು ಮನೆಯನ್ನು ನೀವೂ ಕಳೆದುಕೊಂಡಿದ್ದರೆ ನಾನು ಹೇಳುವುದು ಬೇಗ ತಿಳಿಯುತ್ತದೆ.

ಗಿರಿಜತ್ತೆ ಅಪ್ಪನ ತಂಗಿ. ಹಿರೇನಲ್ಲೂರಿಗೆ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದಿದ್ದಳು. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವಳು, ಎದೆಯಲ್ಲಿ ಗಂಟು ಕೈಗೆ ಸಿಗುತ್ತಿದೆ ಎಂದು ಅಜ್ಜಿಗೆ ಹೇಳಿದಳು. ಊರಿನ ಡಾಕ್ಟರಮ್ಮ ಮುಟ್ಟಿ ನೋಡಿ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ ಎಂದರು. ಆದರೆ ನಮ್ಮ ಮನೆಯಲ್ಲಿ ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ವೀರಭದ್ರನಲ್ಲಿ ಹೂ ಕೇಳದೆ ಏನೂ ನಡೆಯುತ್ತಿರಲಿಲ್ಲ. ದೇವರ ಎರಡೂ ಭುಜಕ್ಕೆ ಒದ್ದೆ ಎಸಳು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕೂರಬೇಕು. ಬಲಗಡೆಯದು ಬಿದ್ದರೆ ಕೆಲಸ ಆಗುತ್ತದೆ, ಎಡಗಡೆಯದು ಬಿದ್ದರೆ ಆಗುವುದಿಲ್ಲ. ಸೋಮವಾರ ಎಲ್ಲರೂ ಗುಡಿಗೆ ಹೋದೆವು. ಗಿರಿಜಾಗೆ ಗುಣವಾಗುತ್ತದಾ ಎಂದು ಅಜ್ಜಿ ಕೇಳಿದಳು. ಎಷ್ಟು ಹೊತ್ತಾದರೂ ಎಸಳು ಅಲುಗಲಿಲ್ಲ. ಅಜ್ಜಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

“ಅವ್ವ, ಹಂಗೆ ದುರುಗುಟ್ಟಬೇಡ, ಹೆದರ್ಕೊಂಡು ಎರಡೂ ಬೀಳಿಸ್ಬಿಟ್ಟಾನು,” ಎಂದಳು ಗಿರಿಜತ್ತೆ.

ಆಮೇಲೆ ಬಲಗಡೆಯದು ಬಿತ್ತು. ಅಜ್ಜಿ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಗಿರಿಜತ್ತೆಯೂ ಎಸಳನ್ನು ಕಣ್ಣಿಗೊತ್ತಿ ತುರುಬಿಗೆ ಸಿಕ್ಕಿಸಿಕೊಂಡಳು. ಗುಡಿಯ ಮೆಟ್ಟಿಲು ಇಳಿಯುತ್ತಾ, “ಹೂ ಆಯ್ತಲ್ಲ ಅಣ್ಣಯ್ಯ, ನಾಳೆ ಗಾಡಿಗೇ ಧೈರ್ಯವಾಗಿ ಶಿವಮೊಗ್ಗಕ್ಕೆ ಹೋಗಾಣ,” ಎಂದಳು. ಅಜ್ಜಿ ಅಲ್ಲೇ ನಿಂತುಬಿಟ್ಟಳು. “ಹೂ ಕೊಟ್ಟ ಮೇಲೂ ಆಸ್ಪತ್ರೆಗೆ ಓಡಿದ್ರೆ ಅವನ ಮಾತು ನಂಬಲಿಲ್ಲ ಅಂದಂಗೆ ಕಣೇ. ಅವನಿಗೆ ಸಿಟ್ಟು ಬಂದ್ರೆ ಏನು ಗತಿ?”

“ಗುಣ ಮಾಡ್ತೀನಿ ಅಂದವ್ನೆ ಅವ್ವ, ಮನೇಲಿ ಕೂತ್ಕೋ ಅಂದಿಲ್ಲ.”

“ನಿನ್ನ ನಾಲಗೆ ಉದ್ದ ಆಯ್ತು.”

ಅಪ್ಪನಿಗೂ ಆಸ್ಪತ್ರೆ ಅಂದರೆ ಭಯ. ಈರುಳ್ಳಿ ಕಿತ್ತಾಗಲಿ, ನೋಡಾಣ ಎಂದು ಮುಂದೆ ನಡೆದ. ಈರುಳ್ಳಿ ಕಿತ್ತಿದ್ದಾಯಿತು, ದೀಪಾವಳಿಯೂ ಕಳೆಯಿತು. ಯಾರು ವಿಚಾರಿಸಿದರೂ ನಮ್ಮ ಮನೆಯವರದು ಒಂದೇ ಉತ್ತರ, ಹೂ ಆಗಿದೆ, ಸರಿಹೋಗುತ್ತದೆ. ಅಜ್ಜಿ ದಿನಾ ಗಂಟಿನ ಮೇಲೆ ವಿಭೂತಿ ಹಚ್ಚುತ್ತಿದ್ದಳು, ಇವತ್ತು ಸಣ್ಣದಾದಂತಿದೆ ಎನ್ನುತ್ತಿದ್ದಳು. ಗಿರಿಜತ್ತೆ ಮೊದಮೊದಲು, ಇಲ್ಲ, ದೊಡ್ಡದಾಗಿದೆ ಎನ್ನುತ್ತಿದ್ದವಳು, ಬರಬರುತ್ತಾ ಸುಮ್ಮನಾದಳು. ಕೊನೆಗೆ ಗಂಟು ಒಡೆದು ಕೀವು ಸೋರತೊಡಗಿದಾಗ ಅಪ್ಪ ಅವಳನ್ನು ರೈಲು ಹತ್ತಿಸಿದ. ಶಿವಮೊಗ್ಗದಲ್ಲಿ, ಮೂಳೆಗೂ ಹರಡಿದೆ, ಇನ್ನು ಏನೂ ಮಾಡುವಂತಿಲ್ಲ ಎಂದು ಹೇಳಿ ನೋವಿಗೆ ಗುಳಿಗೆ ಬರೆದುಕೊಟ್ಟು ಕಳಿಸಿದರು.

ಊರಿಗೆ ಬಂದ ಅಪ್ಪ ಜಗಲಿಯ ಮೇಲೆ ಕೂತವನು ಏಳಲೇ ಇಲ್ಲ. ಮುಗೀತು ಬಿಡು ಎನ್ನುವುದು ಬಿಟ್ಟರೆ ಬಾಯಲ್ಲಿ ಬೇರೆ ಮಾತಿಲ್ಲ. ಗುಳಿಗೆಯ ಚೀಟಿ ಅವನ ಅಂಗಿಯ ಜೇಬಿನಲ್ಲೇ ಉಳಿಯಿತು. ಅಜ್ಜಿ ದೇವರ ಗೂಡಿನ ಕಡೆ ತಿರುಗಲಿಲ್ಲ. ಒಳಕೋಣೆಯಲ್ಲಿ ಗಿರಿಜತ್ತೆ ಕಂಬಳಿಯ ಅಂಚು ಕಚ್ಚಿಕೊಂಡು ನರಳುತ್ತಿದ್ದಳು, ನಮಗೆ ಕೇಳಬಾರದೆಂದು. ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು.

“ಅಣ್ಣಯ್ಯ, ಹೂ ಬಿತ್ತು ಅಂತ ಆವಾಗ ಕೂತೆ. ಆಗಲ್ಲ ಅಂದ್ರು ಅಂತ ಈಗ ಕೂತಿದೀಯ. ಸಾಯೋದು ಸಾಯ್ತೀನಿ, ಸಂಜೆವರೆಗೆ ನೋವು ತಡೆಯೋಕೆ ಗುಳಿಗೆನಾದ್ರೂ ತಂದ್ಕೊಡು.”

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ತರೀಕೆರೆ ಬಸ್ಸಿಗೆ ಹೋದ. ಅವತ್ತು ಗಿರಿಜತ್ತೆ ನಿದ್ದೆ ಮಾಡಿದಳು. ಮುಂದಿನ ಕೆಲವು ದಿನ ಒಂದೊಂದು ತುತ್ತು ಮೊಸರನ್ನ ತಿಂದಳು, ಬಿಸಿಲಿಗೆ ಬಂದು ಕೂತಳು. ನಾನು ಇವತ್ತಿಗೂ ಸೋಮವಾರದ ಪೂಜೆ ತಪ್ಪಿಸಿದವಳಲ್ಲ. ದೇವರು ಸುಳ್ಳು ಹೇಳಿದ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಡಾಕ್ಟರಮ್ಮನ ಬಾಯಲ್ಲೂ ಅವನೇ ಮಾತಾಡಿದ್ದ, ನಮಗೆ ಬೇಕಾದ ಮಾತನ್ನಷ್ಟೇ ನಾವು ತೆಗೆದುಕೊಂಡೆವು. ಆ ಕೆಲವು ದಿನಗಳ ನಿದ್ದೆಯನ್ನು ನಾನು ಅವನ ಕೃಪೆಯ ಲೆಕ್ಕಕ್ಕೇ ಹಾಕಿದ್ದೇನೆ. ಇನ್ನೂ ಎಷ್ಟು ಸಿಗಬಹುದಿತ್ತು ಎಂದು ಯೋಚಿಸಲು ಹೋದರೆ ಕೈಯಲ್ಲಿನ ಕೆಲಸ ನಿಂತುಬಿಡುತ್ತದೆ.

ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತಾರೆ. ಆ ಬಿಸಿಲಿನ ದಿನಗಳಲ್ಲೇ ಒಂದು ಮಧ್ಯಾಹ್ನ ಗಿರಿಜತ್ತೆ ಅಜ್ಜಿಗೆ ಹೇಳಿದಳು: “ನನ್ನ ಆ ತಗ್ಗಿನ ಮೂಲೇಲಿ ಇಡಬೇಡ್ರಿ, ಮಳೇಲಿ ನೀರು ನಿಲ್ತದೆ, ನಂದು ಮೊದ್ಲೇ ಶೀತದ ಮೈ. ಬೇವಿನ ಮರದ ಹತ್ರ ಇಡ್ರಿ. ಕಳೆ ಕೀಳೋಕೆ ಬಂದೋರು ಅಲ್ಲೇ ಬುತ್ತಿ ಬಿಚ್ಚುತಾರೆ. ಅವರ ಮಾತು ಕೇಳ್ಕೊಂಡು ಇರ್ತೀನಿ.” ಅಜ್ಜಿ ನಗಲು ಹೋಗಿ ಸೆರಗು ಬಾಯಿಗೆ ತುರುಕಿಕೊಂಡಳು.

ಅವಳು ಹೇಳಿದ ಜಾಗದಲ್ಲೇ ಇಟ್ಟರು. ಆಮೇಲೆ ಅಪ್ಪ, ಅಜ್ಜಿ ಇಬ್ಬರೂ ಹೋದರು, ಹೊಲ ಬೇರೆಯವರ ಖಾತೆಗೆ ಸೇರಿತು. ಹೋದ ವರ್ಷ ಆ ದಾರಿಯಲ್ಲಿ ಬರುವಾಗ ಬಸ್ಸಿನಿಂದಿಳಿದು ನೋಡಿದೆ. ಹೊಸಬರು ಪುಣ್ಯವಂತರು, ಮರ ಕಡಿದಿಲ್ಲ, ಅದರ ಬುಡದವರೆಗೆ ಉತ್ತೂ ಇಲ್ಲ. ಆದರೆ ಕಳೆಗೆ ಈಗ ಔಷಧಿ ಹೊಡೆಯುತ್ತಾರಂತೆ. ಅಷ್ಟು ದೊಡ್ಡ ಹೊಲದಲ್ಲಿ ಒಬ್ಬರೂ ಇರಲಿಲ್ಲ. ನಾನು ಬೇವಿನ ಕೆಳಗೆ ಕೂತು, ಏನು ಮಾತಾಡುವುದೆಂದು ತಿಳಿಯದೆ, ಮುಂದಿನ ಬಸ್ಸು ಬರುವವರೆಗೆ ಮನೆಯ ಸುದ್ದಿಯನ್ನೇ ಒಂದೊಂದಾಗಿ ಹೇಳಿದೆ.