ತಂಪು ಮಾಡುವ ಬೆಂಕಿ

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಕುಂದಾಪುರದ ಒಂದು ದವಾಖಾನೆಗೆ ಚಿಮಣಿ ಎಣ್ಣೆಯಿಂದ ನಡೆಯುವ ಫ್ರಿಜ್ ಬಂತು. ನನ್ನ ಅಪ್ಪಯ್ಯ ಅಲ್ಲಿ ಕಂಪೌಂಡರ್. ನಾನಾಗ ಏಳು ವರ್ಷದ ಹುಡುಗಿ. ಪೆಟ್ಟಿಗೆಯ ಅಡಿಯಲ್ಲಿ ನೀಲಿ ಬೆಂಕಿ ಉರಿಯುತ್ತಿತ್ತು, ಒಳಗೆ ಮದ್ದಿನ ಬಾಟಲಿಗಳು ತಣ್ಣಗಿರುತ್ತಿದ್ದವು. ಅಪ್ಪಯ್ಯ ಅದರ ತಿರುಪು ತೋರಿಸಿ, “ಬತ್ತಿ ಏರ್ಸಿರೆ ಥಂಡಿ ಜಾಸ್ತಿ, ತಗ್ಸಿರೆ ಕಮ್ಮಿ. ನೀ ಮಾತ್ರ ಮುಟ್ಟುಕಾಗ” ಎಂದರು. ಯಾಕೆ ಹಾಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪುವವರೂ ಅಲ್ಲ.

ಆ ವರ್ಷವೇ ಅಜ್ಜಿ ತೀರಿಕೊಂಡರು. ಚಾವಡಿಯಲ್ಲಿ ಮಲಗಿಸಿ ತಲೆಯ ಹತ್ತಿರ ಎಣ್ಣೆದೀಪ ಇಟ್ಟಿದ್ದರು. ಮಧ್ಯಾಹ್ನದ ಸೆಕೆಯಲ್ಲೂ ಅವರ ಕೈ ಫ್ರಿಜ್ಜಿನ ಬಾಟಲಿಯ ಹಾಗೆ ಕೊರೆಯುತ್ತಿತ್ತು. ನನಗೆ ದೊಡ್ಡವರ ಮೇಲೆ ಸಿಟ್ಟೇ ಬಂತು. ಇಷ್ಟು ದೊಡ್ಡದಾಗಿ ದೀಪ ಉರಿಸಿದರೆ ಅಜ್ಜಿಗೆ ಚಳಿಯಾಗದೆ ಇನ್ನೇನು? ಎಲ್ಲರೂ ಅಂಗಳಕ್ಕೆ ಹೋದಾಗ ಒಂದು ಕೈಯಲ್ಲಿ ಅಜ್ಜಿಯ ಬೆರಳು ಹಿಡಿದುಕೊಂಡು, ಇನ್ನೊಂದರಲ್ಲಿ ಬತ್ತಿಯನ್ನು ಎಣ್ಣೆಯೊಳಕ್ಕೆ ಎಳೆದೆ. ಬೆಂಕಿ ಕುಗ್ಗಿತು. ಇನ್ನಷ್ಟು ಎಳೆದೆ. ದೀಪ ಆರಿತು.

ಒಳಗೆ ಬಂದ ಅಬ್ಬಿ, ಅಂದರೆ ನನ್ನ ಅಮ್ಮ, “ಅಯ್ಯೋ, ದೀಪ ಯಾರ್ ಆರ್ಸದ್?” ಎಂದು ಕೂಗಿದಳು.

ನನ್ನ ಕೈಯಲ್ಲಿದ್ದ ಅಜ್ಜಿಯ ಬೆರಳುಗಳು ಆಗ ಬೆಚ್ಚಗಾಗಿದ್ದವು.