ಹಬೆ ಇಳಿಸಿ ಕೆಲಸಕ್ಕೆ ಕೂರುವ ಭುವನಕ್ಕ

ಮೂಡಿಗೆರೆ ಬಳಿಯ ದೇವರಮನೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಹೋಂಸ್ಟೇಯ ಅಡುಗೆಮನೆ. ಹೊರಗೆ ಇನ್ನೂ ಮಂಜು. ರಾತ್ರಿ ಬಂದಿಳಿದ ಅತಿಥಿಗಳು ಎದ್ದಿಲ್ಲ. ನೆಲದ ಮೇಲೆ ಗೋಣಿತಾಟು ಹಾಸಿಕೊಂಡು, ಪಕ್ಕಕ್ಕೆ ಮಲಗಿಸಿದ ಎಸ್ಪ್ರೆಸೊ ಮಷೀನಿನ ಮುಂದೆ ಭುವನಾ ಕುಳಿತಿದ್ದಾರೆ. ಕೈಯಲ್ಲಿ ಕಾಫಿ ಮೂಟೆ ಹೊಲಿಯುವ ದಬ್ಬಳ. ಪುಡಿ ತುಂಬಿದ ಹಿಡಿಯನ್ನು ಸಿಕ್ಕಿಸುವ ಬಾಯಿಯೊಳಗೆ ಒಂದು ರಬ್ಬರ್ ಉಂಗುರವಿರುತ್ತದೆ. ದಿನವೂ ಬಿಸಿ ತಿಂದು ತಿಂದು ಅದೀಗ ಕಲ್ಲಾಗಿದೆ. ದಬ್ಬಳದ ಮೊನೆಯಿಂದ ಅದನ್ನು ಚೂರುಚೂರಾಗಿ ಎಬ್ಬಿಸುತ್ತಿದ್ದಾರೆ.

ಬಂದ ಕೂಡಲೇ ಅವರು ಸ್ಕ್ರೂಗೆ ಕೈ ಹಾಕಲಿಲ್ಲ. ಮೊದಲು ಪ್ಲಗ್ಗು ಕಿತ್ತರು. ಹಬೆಯ ನಲ್ಲಿ ತಿರುಗಿಸಿ, ಒಳಗಿದ್ದ ಉಸಿರೆಲ್ಲ ಹೋಗುವವರೆಗೆ ಸುಮ್ಮನೆ ನಿಂತರು. ಆಮೇಲೆ ಮಷೀನಿನ ಮೈಮೇಲೆ ಅಂಗೈ ಇಟ್ಟು ನೋಡಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಹೋಂಸ್ಟೇ ನಡೆಸುವ ರೂಪಶ್ರೀ ಅವಸರ ಮಾಡಲಿಲ್ಲ. ಭುವನಕ್ಕನ ಈ ಕ್ರಮ ಅವರಿಗೆ ಗೊತ್ತು. ಅದರ ಕಾರಣವೂ ಗೊತ್ತು.

ಭುವನಾ ಮೂಡಿಗೆರೆಗೆ ಸೊಸೆಯಾಗಿ ಬಂದದ್ದು ತರೀಕೆರೆ ಕಡೆಯಿಂದ. ಗಂಡ ರುದ್ರೇಶ್ ಅವರದ್ದು ಅಪ್ಪನ ಕಾಲದಿಂದ ಬಂದ ಸ್ಟೀಲ್ ಪಾತ್ರೆ ಅಂಗಡಿ. ಮಾವ ಪಾತ್ರೆ ಮಾರಿದರೆ, ಅತ್ತೆ ಬಸಮ್ಮ ಕುಕ್ಕರ್ ರಿಪೇರಿ ನೋಡಿಕೊಳ್ಳುತ್ತಿದ್ದರು. ಹಿಡಿ ಬದಲಿಸುವುದು, ತಳ ಉಬ್ಬಿದ್ದನ್ನು ತಟ್ಟಿ ಕೂರಿಸುವುದು, ಸೀಟಿ ಕೂಗದ ಕುಕ್ಕರಿನ ಹೊಟ್ಟೆನೋವು ಹುಡುಕುವುದು, ಇದನ್ನೆಲ್ಲ ಸೊಸೆ ಕಲಿತದ್ದು ಅತ್ತೆಯ ಪಕ್ಕದಲ್ಲಿ ಕೂತೇ.

ಮೊದಲ ಎಸ್ಪ್ರೆಸೊ ಮಷೀನು ಅಂಗಡಿಗೆ ಬಂದದ್ದು ಕಳಸ ರಸ್ತೆಯ ಬೆಳೆಗಾರ ಶಶಿಧರ್ ಅವರ ಜೀಪಿನಲ್ಲಿ. ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು ಕುಡಿಯುವ ಹುಚ್ಚು ಅವರದ್ದು. ಮಷೀನು ಕೆಟ್ಟರೆ ಬೆಂಗಳೂರಿಗೆ ಕಳಿಸಬೇಕು, ಯಾವಾಗ ವಾಪಸು ಬರುತ್ತದೋ ದೇವರಿಗೇ ಗೊತ್ತು. ಹಬೆ, ಗ್ಯಾಸ್ಕೆಟ್ಟು, ವಾಲ್ವು ಎಲ್ಲ ಕುಕ್ಕರಿನಲ್ಲೂ ಇರುವಂಥದ್ದೇ, ಒಮ್ಮೆ ಬಿಚ್ಚಿ ನೋಡಿ ಎಂದು ಇಟ್ಟು ಹೋದರು. ಭುವನಾ ಬಿಚ್ಚಿದರು. ಒಂದೊಂದು ಸ್ಕ್ರೂ ಕಳಚುವಾಗಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಎಲ್ಲ ಜೋಡಿಸಿದ ಮೇಲೆ ಕೈಯಲ್ಲಿ ಒಂದು ಸ್ಪ್ರಿಂಗು ಉಳಿದಿತ್ತು. ಮತ್ತೆ ಬಿಚ್ಚಿದರು. ವಾರ ಕಳೆದ ಮೇಲೆ ಒಂದು ಸಂಜೆ ಜೇನಿನ ಬಣ್ಣದ ಕಾಫಿ ಸಣ್ಣ ದಾರದಂತೆ ಲೋಟಕ್ಕೆ ಇಳಿಯಿತು. ಕುಡಿದು ನೋಡಿದ ರುದ್ರೇಶ್ ಮುಖ ಕಿವಿಚಿದರು. ಶಶಿಧರ್ ಮಾತ್ರ ಕಣ್ಣು ಮುಚ್ಚಿ ಗುಟುಕರಿಸಿದರಂತೆ.

ಸುದ್ದಿ ತೋಟದಿಂದ ತೋಟಕ್ಕೆ ಹರಡಿತು. ಹೋಂಸ್ಟೇಗಳು ಹೆಚ್ಚಿದ ಹಾಗೆ ಮಷೀನುಗಳೂ ಹೆಚ್ಚಿದವು. ಪಟ್ಟಣದ ಮಷೀನಿಗಿಲ್ಲದ ಕಾಯಿಲೆಗಳು ಈ ಬೆಟ್ಟದ ಮಷೀನಿಗಿವೆ. ಮಳೆಗಾಲದಲ್ಲಿ ತೊರೆಯಿಂದ ಪೈಪಿನಲ್ಲಿ ಬರುವ ನೀರು ಸಣ್ಣ ಮಣ್ಣು ತಂದು ಜಾಲರಿಗೆ ಮೆತ್ತುತ್ತದೆ. ಬೋರ್‌ವೆಲ್ ನೀರಾದರೆ ಬಾಯ್ಲರಿನೊಳಗೆ ಬಿಳಿ ಪದರ ಕಟ್ಟುತ್ತದೆ. ಕರೆಂಟು ಹೋಗಿ ಬರುವ ರಭಸಕ್ಕೆ ಕಾಯಿಲ್ ಸುಟ್ಟುಹೋಗುತ್ತದೆ. ಬೆಚ್ಚಗಿರುತ್ತದೆಂದು ಇರುವೆಗಳು ಒಳಗೆ ಸಂಸಾರ ಹೂಡುತ್ತವೆ.

ಕೆಲಸ ಕೈಗೆ ಹತ್ತಿದ ಎರಡನೆಯ ಮಳೆಗಾಲದಲ್ಲಿ ಆ ಅನಾಹುತ ಆಯಿತು. ಕಳಸದ ಒಂದು ಮನೆಯಲ್ಲಿ ಮಷೀನು ಆರಿಸಿದ್ದೇವೆ ಎಂದು ಅವರು ಹೇಳಿದ್ದನ್ನು ನಂಬಿ, ಭುವನಾ ಬಾಯ್ಲರಿನ ಮುಚ್ಚಳ ಸಡಿಲಿಸಿದರು. ಆರಿಸಿದ್ದು ನಿಜ. ಒಳಗಿನ ಹಬೆ ಇಳಿದಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಲಿಯಿತು.

ಗಾಯ ಒಣಗಿದರೂ ಹೆದರಿಕೆ ಒಣಗಲಿಲ್ಲ. ಮನೆಯ ಕುಕ್ಕರು ಕೂಗಿದರೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಬಂದ ಮಷೀನುಗಳನ್ನೆಲ್ಲ ರುದ್ರೇಶ್ ಬಾಗಿಲಲ್ಲೇ ನಿಂತು ವಾಪಸು ಕಳಿಸಿದರು. ಆ ವರ್ಷದ ಕಾಫಿ ಕೊಯ್ಲು ಮುಗಿಯುವವರೆಗೂ ಭುವನಾ ಸ್ಪ್ಯಾನರ್ ಮುಟ್ಟಲಿಲ್ಲ.

ಹಾಗಿರುವಾಗ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ರೂಪಶ್ರೀ ತಮ್ಮ ಮಷೀನನ್ನು ಇಟ್ಟು ಹೋದರು. ಹಿಡಿಯ ಸುತ್ತ ನೀರು ಸೋರುತ್ತದೆ, ಅಷ್ಟೇ ಎಂದು ಫೋನಿನಲ್ಲಿ ಹೇಳಿದರು. ವಾಪಸು ಕೊಡುವ ಮೊದಲು ಸುಮ್ಮನೆ ನೋಡೋಣವೆಂದು ಭುವನಾ ಮೇಲಿನ ತಗಡು ತೆಗೆದರು. ಹಬೆ ಮಿತಿ ಮೀರಿದರೆ ತಾನಾಗಿ ಹೊರಬಿಡುವ ಸೇಫ್ಟಿ ವಾಲ್ವಿನ ಬಾಯಿಗೆ ಯಾರೋ ಸ್ಕ್ರೂ ತುರುಕಿ, ಮೇಲೆ ಅಂಟು ಮೆತ್ತಿದ್ದರು. ಊರೂರು ಸುತ್ತುವ ರಿಪೇರಿಯವನೊಬ್ಬ ಬುಸ್‌ಬುಸ್ ಸದ್ದು ನಿಲ್ಲಿಸಿಕೊಟ್ಟಿದ್ದ. ರೂಪಶ್ರೀಗೆ ಸದ್ದು ನಿಂತದ್ದಷ್ಟೇ ಗೊತ್ತಿತ್ತು.

ಮನೆಯಲ್ಲಿ ಮಷೀನು ಬಳಸುವವರು ಯಾರೆಂದು ಭುವನಾ ಫೋನು ಮಾಡಿ ಕೇಳಿದರು. ಬೆಳಿಗ್ಗೆ ತಾನು, ಸಂಜೆ ಶಾಲೆಯಿಂದ ಬಂದ ಮೇಲೆ ಮಗಳು ಕವನಾ ಎಂದರು ರೂಪಶ್ರೀ. ಸ್ಟೂಲಿನ ಮೇಲೆ ನಿಂತು ಹಾಲಿಗೆ ನೊರೆ ಬರಿಸುವುದೆಂದರೆ ಅವಳಿಗೆ ಆಟ.

"ಆ ಮಗುವಿನ ಮುಖ ಮಷೀನಿನ ಎತ್ತರಕ್ಕೇ ಇರ್ತದಲ್ಲ ಅಂತ ಅನ್ನಿಸ್ತು," ಎನ್ನುತ್ತಾರೆ ಭುವನಾ. "ನನ್ನದು ಬರೀ ಕೈ ಸುಟ್ಟಿದ್ದು. ನಾನು ಹೆದರಿ ಬಿಟ್ಟ ಕೆಲಸ ಇಂಥ ರಿಪೇರಿಯವರ ಕೈಗೆ ಹೋಯ್ತಲ್ಲ."

ಅತ್ತೆಯ ಹತ್ತಿರ ಹೇಳಿಕೊಂಡರು. ಬಸಮ್ಮ ಸಮಾಧಾನದ ಮಾತೇನೂ ಆಡಲಿಲ್ಲ. "ಕೈ ಸುಟ್ಟಿತು ಅಂತ ಒಲೆ ಹಚ್ಚೋದು ಬಿಟ್ಟವರು ಯಾರಿದ್ದಾರೆ? ಬಾ, ನಾನು ಟಾರ್ಚ್ ಹಿಡೀತೀನಿ," ಎಂದರು. ಇಬ್ಬರೂ ಮಷೀನಿನ ಮುಂದೆ ಕುಳಿತರು. ಆಮೇಲೆ ಭುವನಾ ಅಂಟು ಕೆರೆದು, ಸ್ಕ್ರೂ ಕಿತ್ತು, ಹಳೆಯ ವಾಲ್ವು ಎಸೆದರು. ಹೊಸದನ್ನು ತರಿಸಿ ಹಾಕುವವರೆಗೆ ಮಷೀನನ್ನು ಮನೆಗೆ ಕಳಿಸಲಿಲ್ಲ. ಕಿತ್ತ ಸ್ಕ್ರೂ ನೋಡಿದ ರೂಪಶ್ರೀ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಂದಿನಿಂದ ಭುವನಾ ಮತ್ತೆ ಕೆಲಸಕ್ಕಿದ್ದಾರೆ. ಏನೇ ದೂರಿರಲಿ, ಮೊದಲು ನೋಡುವುದು ಸೇಫ್ಟಿ ವಾಲ್ವು. ಅದಕ್ಕೆ ಒಪ್ಪದವರ ಮಷೀನು ಮುಟ್ಟುವುದಿಲ್ಲ. ಹೊಸ ವರ್ಷದ ಗದ್ದಲದ ಹೊತ್ತಿಗೆ, ಸದ್ಯಕ್ಕೆ ಹೇಗೋ ನಡೆಸಿಕೊಡಿ ಎಂದು ಒತ್ತಾಯಿಸಿದ ಒಬ್ಬರ ಮಷೀನನ್ನು ಹಾಗೇ ವಾಪಸು ಕೊಟ್ಟಿದ್ದಾರೆ. ಅವರು ಮತ್ತೆ ಈ ಕಡೆ ಬಂದಿಲ್ಲ. ಹೋದ ಕಡೆಯಲ್ಲೆಲ್ಲ ಮನೆಯವರನ್ನು ಹತ್ತಿರ ಕೂರಿಸಿಕೊಂಡು ಹಬೆ ಇಳಿಸುವುದನ್ನೂ ಜಾಲರಿ ತೊಳೆಯುವುದನ್ನೂ ಕಲಿಸಿಯೇ ಬರುತ್ತಾರೆ. ಎಲ್ಲರೂ ಕಲಿತರೆ ನಿಮಗೆ ಕೆಲಸ ಕಡಿಮೆಯಾಗುವುದಿಲ್ಲವೇ ಎಂದರೆ ನಗುತ್ತಾರೆ. "ಗ್ಯಾಸ್ಕೆಟ್ ಹೆಂಗೂ ಹೋಗೇ ಹೋಗ್ತದೆ."

ದೇವರಮನೆ ದಾರಿಯ ಅಡುಗೆಮನೆಯಲ್ಲಿ ಈಗ ಹೊಸ ಉಂಗುರ ಕುಳಿತಿದೆ. ಹಿಡಿ ಬಿಗಿಯಾಗಿ ತಿರುಗಿ ನಿಲ್ಲುತ್ತದೆ, ಒಂದು ಹನಿಯೂ ಪಕ್ಕಕ್ಕೆ ಸೋರುವುದಿಲ್ಲ. ಎದ್ದು ಬಂದ ಅತಿಥಿಯೊಬ್ಬರಿಗೆ ಮೊದಲ ಕಪ್ಪು ಹೋಗುತ್ತದೆ. ಭುವನಾ ತಾವು ಸರಿಮಾಡಿದ ಮಷೀನಿನ ಕಾಫಿ ಕುಡಿಯುವುದಿಲ್ಲ, ಬಲು ಕಹಿ ಅವರಿಗೆ. ರೂಪಶ್ರೀ ಬೇರೆಯಾಗಿ ಕಾಸಿಕೊಟ್ಟ ಬೆಲ್ಲದ ಕಾಫಿಯ ಲೋಟ ಹಿಡಿದು ಜಗಲಿಯಲ್ಲಿ ಕುಳಿತಿದ್ದಾರೆ. ತೋಟದ ಕಡೆಯಿಂದ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾದ ಸದ್ದು ಬರುತ್ತಿದೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಅಂಗಡಿಯ ಮಾತು ತೆಗೆಯುತ್ತಾರೆ. ಅಂಗಡಿಯಲ್ಲಿ ಅವರು ಕೆಲಸ ಮಾಡುವುದು ಹಿಂದಿನ ಗೋಡೌನಿನಲ್ಲಿ, ಕೊಳಗ ಹಂಡೆಗಳ ಸಂದಿಯಲ್ಲಿ. ಅಲ್ಲಿ ಹಗಲಲ್ಲೂ ದೀಪ ಬೇಕು.

"ಮುಂದುಗಡೆ, ಬೀದಿಗೆ ಕಾಣೋ ಹಂಗೆ ಒಂದು ಮೇಜು ಹಾಕಿಸ್ಕೋಬೇಕು," ಎನ್ನುತ್ತಾರೆ. "ಹೆಸರಿನ ಬೋರ್ಡೆಲ್ಲ ಬೇಡ. ಹೋಗೋ ಬರೋರಿಗೆ, ಇದನ್ನ ಒಬ್ಬಳು ಕೂತು ಮಾಡ್ತಾಳೆ ಅಂತ ಕಂಡ್ರೆ ಸಾಕು."